ಕ್ರೈಸ್ತ ಓಟದ ಕೋಚ್‌ಗಳಿಗೆ ಎದುರಾದ ದೊಡ್ಡವರು: ಆಕಸ್ಮಿಕವೋ, ಅಲ್ಲವೋ?

ಹಳೇ ಸ್ಪೈಕ್ಸ್:

ಎಲ್ಲರಿಗೂ ನಮಸ್ಕಾರ. ನಾನು ಶಾಲಾ ಮಕ್ಕಳಿಗೆ ಓಟ ಕಲಿಸುವವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಈ ಎರಡನ್ನೂ ಒಟ್ಟಿಗೆ ನಡೆಸಿದ ಹಳೇ ಕೋಚ್‌ಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಅವರ ಬದುಕಿನಲ್ಲಿ ಹೆಸರುವಾಸಿಗಳು ಸುಮ್ನೆ ಬಂದು ಎದುರಾಗುವುದು ನೋಡಿದರೆ ಆಶ್ಚರ್ಯ ಆಗುತ್ತದೆ. ಯಾರೂ ಏರ್ಪಾಡು ಮಾಡಿದ ಭೇಟಿಗಳಲ್ಲ. ನನಗಂತೂ ಇದರಲ್ಲಿ ದೇವರ ಚಿತ್ತ ಕಾಣುತ್ತದೆ.

ಅಮೋಸ್ ಅಲೊನ್ಜೊ ಸ್ಟ್ಯಾಗ್ ಅವರನ್ನೇ ತಗೊಳ್ಳಿ. ಹುಟ್ಟಿದ್ದು 1862ರಲ್ಲಿ. ಪಾದ್ರಿ ಆಗಬೇಕು ಅಂತ ಯೇಲ್‌ನಲ್ಲಿ ದೇವಶಾಸ್ತ್ರಕ್ಕೆ ಸೇರಿದ ಹುಡುಗ. ಆದರೆ ಜನರ ಮುಂದೆ ನಿಂತರೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಉಪದೇಶ ನನ್ನ ಕೈಲಾಗುವ ಕೆಲಸವಲ್ಲ, ಹುಡುಗರನ್ನು ಮೈದಾನದಲ್ಲೇ ತಿದ್ದೋಣ ಅಂತ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಗೆ ಹೋದರು. ಅಲ್ಲಿ ಜೊತೆಗೆ ಸಿಕ್ಕಿದವರು ಜೇಮ್ಸ್ ನೈಸ್ಮಿತ್. 1891ರ ಡಿಸೆಂಬರಿನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಶುರು ಮಾಡಿದರಲ್ಲ, ಅವರೇ. 1892ರ ಮಾರ್ಚ್ 11ರಂದು ಜನರೆದುರು ಮೊದಲ ಪಂದ್ಯ ನಡೆಯಿತು. ವಿದ್ಯಾರ್ಥಿಗಳು ಮೇಷ್ಟ್ರುಗಳನ್ನು 5-1ರಿಂದ ಸೋಲಿಸಿದರು. ಮೇಷ್ಟ್ರುಗಳ ಆ ಒಂದೇ ಒಂದು ಗೋಲು ಹೊಡೆದವರು ಸ್ಟ್ಯಾಗ್!

ಅದೇ ವರ್ಷ ಷಿಕಾಗೊ ವಿಶ್ವವಿದ್ಯಾಲಯ ತೆರೆಯಿತು. ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಸತ್ಯವೇದದ ಪಾಠ ಮಾಡಿದ್ದವರು. ಹಳೇ ಶಿಷ್ಯನನ್ನು ಕರೆಸಿ ಇಡೀ ಕ್ರೀಡಾ ವಿಭಾಗವನ್ನೇ ಒಪ್ಪಿಸಿದರು. ಅಮೆರಿಕದವರಿಗೆ ಸ್ಟ್ಯಾಗ್ ಅಂದರೆ ಫುಟ್‌ಬಾಲ್, ಅದೂ ಅವರದೇ ಬಗೆಯ ಫುಟ್‌ಬಾಲ್. ಆದರೆ ಓಟದ ಹುಡುಗರನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅವರ ಜೇಮ್ಸ್ ಲೈಟ್‌ಬಾಡಿ 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್, 1500 ಮೀಟರ್ ಮತ್ತು ಸ್ಟೀಪಲ್‌ಚೇಸ್ (ಅಡ್ಡಗಟ್ಟೆ, ನೀರಿನ ಗುಂಡಿ ದಾಟುವ ಓಟ) ಮೂರನ್ನೂ ಗೆದ್ದ.

ಇನ್ನೊಂದು ಕೇಳಿ. 1906ರಿಂದ 1910ರವರೆಗೆ ಅಲ್ಲಿ ಓದುತ್ತಿದ್ದ ಉದ್ದನೆಯ ಹುಡುಗನೊಬ್ಬ ಬಾಸ್ಕೆಟ್‌ಬಾಲ್ ಆಡುತ್ತಿದ್ದ, ಟ್ರ್ಯಾಕ್‌ಗೂ ಇಳಿಯುತ್ತಿದ್ದ. ಹೆಸರು ಎಡ್ವಿನ್ ಹಬಲ್. ಮುಂದೆ ನಮ್ಮ ಗ್ಯಾಲಕ್ಸಿಯಾಚೆಗೂ ಬೇರೆ ಗ್ಯಾಲಕ್ಸಿಗಳಿವೆ ಅಂತ ತೋರಿಸಿದ ವಿಜ್ಞಾನಿ. ಆಗ ಅವನು ಯಾರು ಅಂತ ಯಾರಿಗೆ ಗೊತ್ತಿತ್ತು?

ನಿಮಗೆ ಗೊತ್ತಿರುವ ಇಂಥ ಭೇಟಿಗಳನ್ನು ಇಲ್ಲಿ ಹಾಕಿ. ವಿಮಾನ ನಿಲ್ದಾಣದಲ್ಲಿ ಸೆಲ್ಫಿ ತೆಗೆಸಿಕೊಂಡ ಕಥೆ ಮಾತ್ರ ಬೇಡ.

ಲೇನ್ ಎಂಟು:

ಸರ್, ಬೇಜಾರು ಮಾಡಿಕೊಳ್ಳಬೇಡಿ. ಇದು ಆಕಸ್ಮಿಕ ಹೇಗಾಗುತ್ತದೆ? ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ 40 ವರ್ಷ ಕೂತರೆ ನಾಲ್ಕು ಜನ ಹೆಸರು ಮಾಡಿಯೇ ಮಾಡುತ್ತಾರೆ. ಸ್ಟ್ಯಾಗ್ ಕೈಕೆಳಗೆ ಓಡಿ, ಮುಂದೆ ಏನೂ ಆಗದೆ ಹೋದ ಹುಡುಗರು ಎಷ್ಟಿರಬಹುದು? ಅವರ ಕಥೆ ಯಾರೂ ಬರೆಯುವುದಿಲ್ಲ. ಗೆದ್ದವರನ್ನು ಮಾತ್ರ ಆರಿಸಿಕೊಂಡು ಆಮೇಲೆ ವಿಧಿ, ದೇವರು ಅನ್ನುವುದು ಸುಲಭ.

ಇನ್ನು ಕ್ರೈಸ್ತ ಅನ್ನುವುದಕ್ಕೂ ಓಟಕ್ಕೂ ಏನು ಸಂಬಂಧ? ನಂಬಿಕೆಯಿಂದ ಯಾರ ಟೈಮಿಂಗೂ ಕಡಿಮೆ ಆಗುವುದಿಲ್ಲ.

ಸ್ಟಾಪ್‌ವಾಚ್ ಅಕ್ಕ:

ಲೇನ್ ಎಂಟು ಅವರೇ, ದೊಡ್ಡ ವಿಶ್ವವಿದ್ಯಾಲಯ ತಾನೇ ನಿಮ್ಮ ತಕರಾರು? ಸರಿ, ಹಾಗಿದ್ದರೆ ಒಂದು ಸಣ್ಣ ಊರಿನ ಶಾಲೆಗೆ ಹೋಗೋಣ.

ಕೀನ್ಯಾದ ಇಟೆನ್. ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ 1976ರಲ್ಲಿ ಐರ್ಲೆಂಡಿನಿಂದ ಒಬ್ಬ ಬ್ರದರ್ (ಕ್ಯಾಥೊಲಿಕ್ ಸನ್ಯಾಸಿ) ಬಂದರು. ಪೆಟ್ರೀಷಿಯನ್ ಬ್ರದರ್ಸ್ ಸಭೆಯವರು, ಕೋಲಮ್ ಓಕಾನಲ್. ಬಂದದ್ದು ಭೂಗೋಳ ಕಲಿಸಲು. ಓಟದ ಕೋಚಿಂಗ್ ಅಂದರೆ ಏನು ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅವರೇನು ಓಟಗಾರರೂ ಅಲ್ಲ.

ಆ ಶಾಲೆಯಲ್ಲಿ ಆಗ ಓಟ ನೋಡಿಕೊಳ್ಳುತ್ತಿದ್ದವರು ಪೀಟರ್ ಫಾಸ್ಟರ್ ಅನ್ನುವ ಬ್ರಿಟಿಷ್ ಮೇಷ್ಟ್ರು. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ಬ್ರೆಂಡನ್ ಫಾಸ್ಟರ್. ಅದೇ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಕಂಚು ಗೆದ್ದವರು. ಆ ಸಲ ಅಥ್ಲೆಟಿಕ್ಸ್‌ನಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದು ಅದೊಂದೇ ಪದಕ. ಪೀಟರ್ ಊರಿಗೆ ವಾಪಸ್ ಹೋದರು, ಹುಡುಗರ ಜವಾಬ್ದಾರಿ ಬ್ರದರ್ ಮೇಲೆ ಬಿತ್ತು. ಇದಕ್ಕೆ ಆಕಸ್ಮಿಕ ಅನ್ನದೆ ಇನ್ನೇನು ಅನ್ನಬೇಕು ಹೇಳಿ.

ಆಮೇಲಿನದು ಎಲ್ಲರಿಗೂ ಗೊತ್ತು. ಅದೇ ಶಾಲೆಯ ಇಬ್ರಾಹಿಂ ಹುಸೇನ್ 1987ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಮರುವರ್ಷ ಬಾಸ್ಟನ್. ಬಾಸ್ಟನ್ ಗೆದ್ದ ಮೊದಲ ಆಫ್ರಿಕನ್ ಅವರೇ. ಅದೇ 1988ರಲ್ಲಿ ಸೋಲ್ ಒಲಿಂಪಿಕ್ಸ್. 1500 ಮೀಟರ್ ಫೈನಲ್‌ನಲ್ಲಿ ಎಲ್ಲರ ಕಣ್ಣೂ ಬ್ರಿಟನ್ನಿನ ಸ್ಟೀವ್ ಕ್ರ್ಯಾಮ್ ಮತ್ತು ಪೀಟರ್ ಎಲಿಯಟ್ ಮೇಲೆ. ಗೆದ್ದದ್ದು 21 ವರ್ಷದ ಪೀಟರ್ ರೋನೋ, 3:35.96ರಲ್ಲಿ. ಬ್ರದರ್ ಶಾಲೆಯ ಹುಡುಗ. ವಿಲ್ಸನ್ ಕಿಪ್‌ಕೆಟರ್ ಕೂಡ ಅಲ್ಲೇ ಓದಿದವರು. ಮುಂದೆ ಡೆನ್ಮಾರ್ಕಿಗೆ ಹೋಗಿ 1997ರಲ್ಲಿ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಅವರ 16 ವರ್ಷದ ಹಳೇ 800 ಮೀಟರ್ ದಾಖಲೆ ಮುರಿದು, ಅದನ್ನು 1:41.11ಕ್ಕೆ ತಂದರು.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಪದಕ ಗೆದ್ದ ಹಳೇ ವಿದ್ಯಾರ್ಥಿ ಬಂದು ಆವರಣದಲ್ಲಿ ಒಂದು ಗಿಡ ನೆಡಬೇಕು, ಅದಕ್ಕೆ ಅವನ ಹೆಸರಿನ ಫಲಕ. ಮಕ್ಕಳು ಆ ಮರಗಳ ನೆರಳಲ್ಲೇ ಓಡಾಡುತ್ತಾರೆ. ಸೆಲೆಬ್ರಿಟಿಯನ್ನು ಭೇಟಿ ಮಾಡುವುದು ಅಂದರೆ ನನ್ನ ಪ್ರಕಾರ ಇದು!

ಲೇನ್ ಎಂಟು:

ಅಕ್ಕ, ಇಟೆನ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿ. ಅಲ್ಲಿ ಹುಟ್ಟಿ, ಶಾಲೆಗೆ ನಡೆದು ಓಡಿ ಬೆಳೆದ ಮಕ್ಕಳು. ಕೋಚ್ ಯಾರಿದ್ದರೂ ಓಡುತ್ತಿದ್ದರು. ಕಿಪ್ ಕೈನೋ 1968ರಲ್ಲೇ ಮೆಕ್ಸಿಕೊದಲ್ಲಿ 1500 ಮೀಟರ್ ಚಿನ್ನ ಗೆದ್ದಾಗ ನಿಮ್ಮ ಬ್ರದರ್ ಇನ್ನೂ ಐರ್ಲೆಂಡಿನಲ್ಲೇ ಇದ್ದರು.

ಸ್ಟಾಪ್‌ವಾಚ್ ಅಕ್ಕ:

ಕೈನೋ ವಿಷಯ ಒಪ್ಪಿದೆ. ಎತ್ತರ ಮುಂಚೆಯೂ ಇತ್ತು, ಓಟಗಾರರೂ ಇದ್ದರು. ಆದರೆ ಆಮೇಲೆ ಏನಾಯ್ತು ನೋಡಿ. ಕೀನ್ಯಾ 1976ರಲ್ಲೂ 1980ರಲ್ಲೂ ಒಲಿಂಪಿಕ್ಸ್ ಬಹಿಷ್ಕರಿಸಿತು. ಆ ವರ್ಷಗಳಲ್ಲಿ ಓಡುವ ಹುಡುಗನಿಗೆ ಕಣ್ಣೆದುರು ದೊಡ್ಡ ಗುರಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳನ್ನು ದಿನಾ ಟ್ರ್ಯಾಕಿಗೆ ತಂದು ನಿಲ್ಲಿಸಿದವರು ಯಾರು? 1988ರಲ್ಲಿ ಕೀನ್ಯಾಕ್ಕೆ ಓಟದಲ್ಲಿ ನಾಲ್ಕು ಚಿನ್ನ ಬಂತು.

ಇನ್ನೊಂದು, ಹುಡುಗಿಯರು. ಹುಡುಗಿಯರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದ ಕಾಲದಲ್ಲಿ ಅವರನ್ನೂ ಸೇರಿಸಿ ರಜೆಯ ಶಿಬಿರ ಶುರು ಮಾಡಿದರು. ಲಿಡಿಯಾ ಚೆರೊಮೆಯ್ ಅಲ್ಲಿ ಪಳಗಿದವಳು. 1991ರಲ್ಲಿ ಜೂನಿಯರ್ ಹುಡುಗಿಯರ ವಿಶ್ವ ಕ್ರಾಸ್‌ಕಂಟ್ರಿ ಗೆದ್ದಾಗ ಅವಳಿಗೆ ಬರೀ 13 ವರ್ಷ. ಎತ್ತರ ಹುಡುಗಿಯರಿಗೂ ಅಷ್ಟೇ ಇತ್ತಲ್ಲ, ಅವರನ್ನು ನೋಡುವ ಕಣ್ಣು ಇರಲಿಲ್ಲ ಅಷ್ಟೇ.

ಇತಿಹಾಸದ ಹುಚ್ಚ:

ಇಲ್ಲಿಯವರೆಗೂ ಲಿಡೆಲ್ ಹೆಸರು ಬರಲಿಲ್ಲವಲ್ಲ ಅಂತ ಕಾಯ್ತಾ ಇದ್ದೆ.

ಭಾನುವಾರ ದೇವರ ದಿನ, ಓಡಲ್ಲ ಅಂದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅಂದ ಕೂಡಲೇ ಎಲ್ಲರಿಗೂ ಚಾರಿಯಟ್ಸ್ ಆಫ್ ಫೈರ್ ಸಿನಿಮಾ ನೆನಪಾಗುತ್ತದೆ. ಹಡಗು ಹತ್ತುವಾಗ 100 ಮೀಟರ್ ಹೀಟ್ಸ್ (ಮೊದಲ ಸುತ್ತು) ಭಾನುವಾರ ಬಿದ್ದ ವಿಷಯ ತಿಳಿದು ಬೆಚ್ಚುವ ದೃಶ್ಯ ನೋಡಿ ಕಣ್ಣೀರು ಹಾಕಿದವರು ಜಾಸ್ತಿ. ನಿಜವಾಗಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು. 100 ಮೀಟರ್ ಬಿಟ್ಟು 400 ಮೀಟರ್‌ಗೆ ತಯಾರಾಗಲು ಅವರಿಗೆ ಸಮಯ ಸಿಕ್ಕಿತ್ತು. ತಯಾರು ಮಾಡಿದವರು ಟಾಮ್ ಮೆಕರ್ಕರ್, ಎಡಿನ್‌ಬರೋದ ತರಬೇತುದಾರರು.

ಫೈನಲ್ ದಿನ, 1924ರ ಜುಲೈ 11, ಲಿಡೆಲ್ ಕೈಗೆ ಒಂದು ಚೀಟಿ ಬಂತು. ಸಿನಿಮಾದಲ್ಲಿ ಅದನ್ನು ಕೊಡುವುದು ಅಮೆರಿಕದ ಓಟಗಾರ ಜಾಕ್ಸನ್ ಶೋಲ್ಜ್. ನಿಜವಾಗಿ ಕೊಟ್ಟದ್ದು ಬ್ರಿಟಿಷ್ ತಂಡದ ಮಸಾಜ್ ಮಾಡುವವರು. ಸತ್ಯವೇದದ ಒಂದನೇ ಸಮುವೇಲ 2:30ರ ಮಾತು: ನನ್ನನ್ನು ಸನ್ಮಾನಿಸುವವರನ್ನು ನಾನು ಸನ್ಮಾನಿಸುವೆನು. ಕಾಲು ತಿಕ್ಕಿದವರ ಕೈಯಿಂದ ಬಂದ ಚೀಟಿಯನ್ನು ಸಿನಿಮಾದವರು ಒಬ್ಬ ಚಾಂಪಿಯನ್ ಕೈಗೆ ಹಾಕಿದರು. ನನಗೆ ಆ ಬದಲಾವಣೆ ಇವತ್ತಿಗೂ ಹಿಡಿಸಿಲ್ಲ. ಹೆಸರಿದ್ದವರು ಮಾಡಿದರೆ ಮಾತ್ರ ಕಥೆಗೆ ಬೆಲೆಯಾ?

ಲಿಡೆಲ್ ಓಡಿದ್ದು ಎಲ್ಲಕ್ಕಿಂತ ಹೊರಗಿನ ಲೇನಿನಲ್ಲಿ. ಅಲ್ಲಿಂದ ಬೇರೆ ಯಾರೂ ಕಣ್ಣಿಗೆ ಬೀಳುವುದಿಲ್ಲ. 47.6 ಸೆಕೆಂಡಿನಲ್ಲಿ ಚಿನ್ನ. ಅಮೆರಿಕದ ಹೊರೇಷಿಯೊ ಫಿಚ್ 48.4ರಲ್ಲಿ ಬೆಳ್ಳಿ. ಅಂದಹಾಗೆ ಆ ಪ್ಯಾರಿಸ್‌ಗೆ ಅಮೆರಿಕ ತಂಡದ ತರಬೇತುದಾರರಲ್ಲಿ ಒಬ್ಬರಾಗಿ ಹೋಗಿದ್ದವರು ಯಾರು ಗೊತ್ತಾ? ಹಳೇ ಸ್ಪೈಕ್ಸ್ ಅವರ ಸ್ಟ್ಯಾಗ್! ಉಪದೇಶ ಆಗದು ಅಂತ ಕೋಚ್ ಆದವರೊಬ್ಬರು, ಮುಂದೆ ಮಿಷನರಿಯಾಗಿ ಹೊರಡಲಿದ್ದ ಓಟಗಾರರೊಬ್ಬರು, ಇಬ್ಬರೂ ಒಂದೇ ಒಲಿಂಪಿಕ್ಸ್‌ನಲ್ಲಿ.

ಮೂರನೇ ಲ್ಯಾಪ್:

ನಾನು ಇನ್ನೂ ಓದುತ್ತಿರುವ ಹುಡುಗ, 800 ಮೀಟರ್ ಓಡುತ್ತೇನೆ. ಒಂದು ಡೌಟು. ಭಾನುವಾರ ಓಡಲ್ಲ ಅಂದ ಮೊದಲಿಗರು ಲಿಡೆಲ್ ಅವರೇನಾ?

ಇತಿಹಾಸದ ಹುಚ್ಚ:

ಅಲ್ಲಪ್ಪ. 1900ರಲ್ಲಿ, ಅದೇ ಪ್ಯಾರಿಸ್‌ನಲ್ಲಿ, ಇನ್ನೂ ದೊಡ್ಡ ಜಗಳ ಆಗಿತ್ತು. ಉದ್ದ ಜಿಗಿತದ ಅರ್ಹತಾ ಸುತ್ತಿನಲ್ಲಿ ಮೇಯರ್ ಪ್ರಿನ್‌ಸ್ಟೀನ್ 7.175 ಮೀಟರ್ ಹಾರಿ ಮುಂದಿದ್ದ. ಫೈನಲ್ ಭಾನುವಾರ ಬಿತ್ತು. ಅವನ ಸಿರಕ್ಯೂಸ್ ವಿಶ್ವವಿದ್ಯಾಲಯ ಕ್ರೈಸ್ತ ಸಂಸ್ಥೆ, ಭಾನುವಾರ ಆಡಬಾರದು ಅಂತ ತಡೆಯಿತು. ತಮಾಷೆ ಏನೆಂದರೆ ಪ್ರಿನ್‌ಸ್ಟೀನ್ ಯಹೂದಿ. ಅವನಿಗೆ ಭಾನುವಾರ ಯಾವ ಅಡ್ಡಿಯೂ ಇರಲಿಲ್ಲ! ಕ್ರೈಸ್ತನಾದ ಆಲ್ವಿನ್ ಕ್ರೆನ್ಸ್‌ಲೈನ್ ಭಾನುವಾರ ಇಳಿದು 7.185 ಹಾರಿದ. ಒಂದು ಸೆಂಟಿಮೀಟರಿನಲ್ಲಿ ಚಿನ್ನ. ಪ್ರಿನ್‌ಸ್ಟೀನ್‌ಗೆ ಅರ್ಹತಾ ಸುತ್ತಿನ ಜಿಗಿತಕ್ಕೇ ಬೆಳ್ಳಿ ಸಿಕ್ಕಿತು. ನಾಲ್ಕು ವರ್ಷದ ನಂತರ ಸೇಂಟ್ ಲೂಯಿಸ್‌ನಲ್ಲಿ ಆ ಚಿನ್ನ ಗೆದ್ದುಕೊಂಡ ಅನ್ನಿ.

ಲೇನ್ ಎಂಟು:

ಇದು ಚೆನ್ನಾಗಿದೆ. ನಂಬಿಕೆ ಒಬ್ಬರದು, ನಷ್ಟ ಇನ್ನೊಬ್ಬರದು. ಕ್ರೈಸ್ತ ಕೋಚ್, ಕ್ರೈಸ್ತ ಕಾಲೇಜು ಅಂತ ಹೊಗಳುವಾಗ ಇದೂ ನೆನಪಿರಲಿ.

ಹಳೇ ಸ್ಪೈಕ್ಸ್:

ನೆನಪಿರುತ್ತದೆ ಸರ್. ಲಿಡೆಲ್ ತಾನು ಓಡಲ್ಲ ಅಂದರು, ಬೇರೆಯವರನ್ನು ತಡೆಯಲಿಲ್ಲ. ಅವರು ನನಗೆ ಇಷ್ಟವಾಗುವುದು ಅದಕ್ಕೇ. ಸಿರಕ್ಯೂಸ್ ಮಾಡಿದ್ದು ಬೇರೆ ಥರ. ನನ್ನ ಗುಂಪಿನಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ಭಾನುವಾರ ಪಂದ್ಯ ಬಿದ್ದರೆ ಮಕ್ಕಳನ್ನು ಬೇರೆಯವರ ಜೊತೆ ಕಳಿಸುತ್ತೇನೆ, ಆರಾಧನೆ ಮುಗಿಸಿ ನಾನು ಹಿಂದೆಯೇ ಹೋಗುತ್ತೇನೆ.

ಯಾರೋ ನನಗೆ ಪ್ರೈವೇಟ್ ಮೆಸೇಜ್‌ನಲ್ಲಿ, ನಿಮಗೆ ಯಾರೂ ದೊಡ್ಡವರು ಸಿಗಲಿಲ್ಲವಾ ಅಂತ ಕೇಳಿದ್ದಾರೆ. ಒಬ್ಬರು ಸಿಕ್ಕಿದ್ದರು. ಹೆಸರು ಹೇಳುವುದಿಲ್ಲ, ಹೇಳಿದರೆ ಚರ್ಚೆ ಅವರ ಕಡೆ ತಿರುಗುತ್ತದೆ. ಒಂದು ಕೂಟದ ವಾರ್ಮ್‌ಅಪ್ ಜಾಗದಲ್ಲಿ ನಮ್ಮ ಮಕ್ಕಳ ಬಿಬ್ ನಂಬರಿಗೆ ಪಿನ್ ಚುಚ್ಚುತ್ತಾ ಕೂತಿದ್ದೆ. ಹಿಂದಿನಿಂದ ಯಾರೋ, ಸರ್ ಒಂದು ಸೇಫ್ಟಿ ಪಿನ್ ಇದೆಯಾ ಅಂದರು. ತಿರುಗಿ ನೋಡಿದರೆ ನಾನು ಟಿವಿಯಲ್ಲಿ ಮಾತ್ರ ಕಂಡಿದ್ದ ಓಟಗಾರ. ಅವರ ನಂಬರಿನ ಒಂದು ಮೂಲೆ ಕಿತ್ತು ಜೋತಾಡುತ್ತಿತ್ತು. ಪಿನ್ ಕೊಟ್ಟೆ. ಅವರ ಕೈ ನಡುಗುತ್ತಿತ್ತು ಮಾರಾಯ್ರೆ, ಪಿನ್ ಬಟ್ಟೆಗೆ ಹೋಗುತ್ತಲೇ ಇಲ್ಲ. ಕೊನೆಗೆ ನಮ್ಮ ಆರನೇ ಕ್ಲಾಸಿನ ಹುಡುಗಿಯೇ ಚುಚ್ಚಿಕೊಟ್ಟಳು. ಅವರು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಪುಟ್ಟಿ ಅಂದು ಹೊರಟರು. ಅಷ್ಟೇ ಭೇಟಿ. ಆಮೇಲೆ ಅವರು ಗೆದ್ದರಾ ಅಂತ ಕೇಳಬೇಡಿ, ನಾಲ್ಕನೆಯವರಾಗಿ ಬಂದರು.

ಆದರೆ ಸೋಲ್ ಚಿನ್ನದ ರೋನೋ ಬ್ರದರ್ ಕೋಲಮ್‌ಗೆ ಸಿಕ್ಕಿದ್ದು ಈ ಥರ ಅಲ್ಲ, ಅಲ್ವಾ? ಅದೇ ನನ್ನ ತಲೆಯಲ್ಲಿ ಕೊರೆಯುತ್ತಿರುವುದು. ಹೆಸರಾದ ಮೇಲೆ ಸಿಕ್ಕಿದರೆ ಒಂದು ಪಿನ್ ಕೊಡಬಹುದು. ಹೆಸರಾಗುವ ಮುಂಚೆ ಸಿಕ್ಕಿದರೆ ಏನೇನೋ ಕೊಡಬಹುದು. ಆದರೆ ಮುಂಚೆ ಸಿಕ್ಕಾಗ ಅವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ.

ಸ್ಟಾಪ್‌ವಾಚ್ ಅಕ್ಕ:

ರುಡಿಶಾ ವಿಷಯದಲ್ಲಿ ಆದದ್ದೂ ಅದೇ. ಡೇವಿಡ್ ರುಡಿಶಾ ಮೊದಲು 800 ಮೀಟರ್ ಓಟಗಾರನೇ ಅಲ್ಲ. 400 ಮೀಟರ್, ಡೆಕಾಥ್ಲಾನ್ (ಹತ್ತು ಸ್ಪರ್ಧೆಗಳ ಕೂಟ) ಅಂತ ಓಡಾಡುತ್ತಿದ್ದ, ಕೀನ್ಯಾದ ಮಾಸಾಯ್ ಬುಡಕಟ್ಟಿನ ಹುಡುಗ. ಅಪ್ಪ ಡೇನಿಯಲ್ 1968ರ ಮೆಕ್ಸಿಕೊದಲ್ಲಿ 4x400 ರಿಲೇ ಬೆಳ್ಳಿ ಗೆದ್ದವರು, ಹಾಗಾಗಿ 400 ಮೀಟರ್ ಮನೆಯ ಓಟ. ನೀನು 800 ಓಡು ಅಂತ ತಿರುಗಿಸಿದವರು ಬ್ರದರ್. 2006ರಲ್ಲಿ ವಿಶ್ವ ಜೂನಿಯರ್ ಚಿನ್ನ. 2010ರ ಆಗಸ್ಟಿನಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ವಿಶ್ವ ದಾಖಲೆ, 1:41.09 ಮತ್ತು 1:41.01. ಮೊದಲನೆಯದರಲ್ಲಿ ಮುರಿದದ್ದು ಯಾರ ದಾಖಲೆ ಹೇಳಿ? ಅದೇ ಶಾಲೆಯ ಕಿಪ್‌ಕೆಟರ್‌ದು!

ಇನ್ನು 2012ರ ಲಂಡನ್. ಆ ಓಟ ನಾನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಮುಂದೆ ಓಡಿ ವೇಗ ಹಾಕಿಕೊಡುವ ಪೇಸ್‌ಮೇಕರ್ ಇಲ್ಲ. ಮೊದಲಿಂದಲೂ ಅವನೇ ಮುಂದೆ. ಮೊದಲ ಲ್ಯಾಪ್ 49.28. ಕೊನೆಗೆ 1:40.91, 1:41ರ ಒಳಗೆ ಓಡಿದ ಮೊದಲ ಮನುಷ್ಯ. ಎರಡನೆಯವನು ಬೋಟ್ಸ್ವಾನಾದ ನೈಜಲ್ ಅಮೋಸ್, 1:41.73. ಅದು 1981ರಲ್ಲಿ ಕೋ ಮಾಡಿದ್ದ ವಿಶ್ವ ದಾಖಲೆಯ ಸಮಯವೇ! ಅದೇ ಕೋ ಆ ಒಲಿಂಪಿಕ್ಸ್‌ನ ಸಂಘಟನಾ ಸಮಿತಿಯ ಮುಖ್ಯಸ್ಥ. ಕೊನೆಯವನಾಗಿ ಬಂದ ಆಂಡ್ರ್ಯೂ ಒಸಾಗಿಯ 1:43.77, ಹಿಂದಿನ ಮೂರು ಒಲಿಂಪಿಕ್ಸ್‌ನಲ್ಲೂ ಚಿನ್ನ ತರುವ ಸಮಯ.

ಲೇನ್ ಎಂಟು ಅವರೇ, ನಂಬಿಕೆಯಿಂದ ಟೈಮಿಂಗ್ ಕಡಿಮೆ ಆಗಲ್ಲ ಅಂದಿರಿ. ಸರಿ. ಆದರೆ ಸನ್ಯಾಸಿ ಬ್ರದರ್ ಆಗಿದ್ದರಿಂದ ಒಂದು ಅನುಕೂಲ ಆಯ್ತು. ಅವರು ಹೋಗಲಿಲ್ಲ. ಬೇರೆ ಕೋಚ್ ಆಗಿದ್ದರೆ 1988ರ ಚಿನ್ನ ಆದ ಮೇಲೆ ದೊಡ್ಡ ಸಂಬಳದ ಕಡೆ ಹೊರಡುತ್ತಿದ್ದರೋ ಏನೋ. ಇವರು ಅಲ್ಲೇ ಉಳಿದರು, ರುಡಿಶಾ ಸಿಕ್ಕಿದ.

ಲೇನ್ ಎಂಟು:

ಈ ವಾದ ಪರವಾಗಿಲ್ಲ. ಒಂದೇ ಕಡೆ ಉಳಿಯುವುದು ಮುಖ್ಯ ಅಂದರೆ ಒಪ್ಪುತ್ತೇನೆ. ಆದರೆ ಆ ಕೆಲಸ ಒಬ್ಬ ನಾಸ್ತಿಕನೂ ಮಾಡಬಹುದು.

ಸ್ಟಾಪ್‌ವಾಚ್ ಅಕ್ಕ:

ಮಾಡಬಹುದು. ಮಾಡಿದವರ ಹೆಸರು ಹಾಕಿ, ಖುಷಿಯಿಂದ ಓದುತ್ತೇವೆ. 😄

ಅದಕ್ಕೆ ಸ್ವಲ್ಪ ವಿಷಯದ ಆಚೆ ಹೋಗಿ ನಾನೇ ಒಬ್ಬರನ್ನು ಹೇಳುತ್ತೇನೆ. ಎಡ್ ಟೆಂಪಲ್, ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗಿಯರ ಕೋಚ್. ಅವರ ಧರ್ಮ ಇಲ್ಲಿ ವಿಷಯವಲ್ಲ, ಭೇಟಿ ಮಾತ್ರ ನೋಡಿ. ಬಿಡುವಿನಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫ್ರಿ ಆಗಿ ಹೋಗುತ್ತಿದ್ದರು. ಸೀಟಿ ಊದುತ್ತಾ ಓಡುವಾಗ ಒಬ್ಬ ಸಣಕಲು ಹುಡುಗಿ ಕಣ್ಣಿಗೆ ಬಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆದವಳು. ವಿಲ್ಮಾ ರುಡಾಲ್ಫ್. ಬೇಸಿಗೆ ಶಿಬಿರಕ್ಕೆ ಬಾ ಅಂದರು. 16ನೇ ವಯಸ್ಸಿಗೆ ಮೆಲ್ಬರ್ನ್‌ನಲ್ಲಿ ರಿಲೇ ಕಂಚು, 1960ರ ರೋಮ್‌ನಲ್ಲಿ ಮೂರು ಚಿನ್ನ. ಅಮೆರಿಕದ ಮಹಿಳಾ ತಂಡದ ಕೋಚ್ ಆಗಿ ಟೆಂಪಲ್ ಅಲ್ಲೇ ಇದ್ದರು.

ಮೂರನೇ ಲ್ಯಾಪ್:

ಅಕ್ಕ, ಇದು ಸೂಪರ್. ಆದರೆ ಹೆಸರಾದ ಮೇಲೆ ಸಿಕ್ಕಿದವರಿಂದ ಏನೂ ಆಗಲ್ಲ ಅಂತ ಸರ್ ಅಂದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ನಾನು ಓಡಲು ಶುರು ಮಾಡಿದ್ದೇ ಒಬ್ಬ ದೊಡ್ಡ ಓಟಗಾರರು ನಮ್ಮ ಶಾಲೆಗೆ ಬಂದು ಹೋದ ಮೇಲೆ. ಅವರು ನನ್ನ ಜೊತೆ ಮಾತಾಡಲೂ ಇಲ್ಲ. ದೂರದಿಂದ ನೋಡಿದ್ದಷ್ಟೇ.

ಇತಿಹಾಸದ ಹುಚ್ಚ:

ಹುಡುಗ ಸರಿಯಾಗಿ ಹೇಳಿದ. ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ, ಲಿಡೆಲ್‌ಗೂ ಅದಕ್ಕೂ ಸಂಬಂಧ ಇದೆ.

1924ರಲ್ಲಿ ಲಿಡೆಲ್ 200 ಮೀಟರ್ ಕಂಚನ್ನೂ ಗೆದ್ದಿದ್ದರು. ಚಿನ್ನ ಆ ಶೋಲ್ಜ್‌ಗೆ, ಬೆಳ್ಳಿ ಚಾರ್ಲಿ ಪ್ಯಾಡಕ್‌ಗೆ. ಪ್ಯಾಡಕ್ 1920ರ 100 ಮೀಟರ್ ಚಾಂಪಿಯನ್, ಜಗತ್ತಿನ ಅತಿ ವೇಗದ ಮನುಷ್ಯ ಅಂತ ಹೆಸರು. ಅವರು ಊರೂರಿಗೆ ಹೋಗಿ ಶಾಲಾ ಮಕ್ಕಳ ಮುಂದೆ ಮಾತಾಡುತ್ತಿದ್ದರು. ಹಾಗೆ ಕ್ಲೀವ್‌ಲ್ಯಾಂಡಿನ ಒಂದು ಶಾಲೆಗೆ ಬಂದಾಗ ಅಲ್ಲಿನ ವ್ಯಾಯಾಮದ ಮೇಷ್ಟ್ರು ಚಾರ್ಲ್ಸ್ ರೈಲಿ ತಮ್ಮ ಒಬ್ಬ ಹುಡುಗನನ್ನು ಅವರಿಗೆ ಪರಿಚಯ ಮಾಡಿಸಿದರು. ಸಂಜೆ ಕೆಲಸಕ್ಕೆ ಹೋಗಬೇಕಿದ್ದ ಹುಡುಗ. ಅದಕ್ಕೇ ರೈಲಿ ಅವನಿಗಾಗಿ ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆಯೇ ಬಂದು ತರಬೇತಿ ಕೊಡುತ್ತಿದ್ದರು. ಆ ಹುಡುಗ ಜೆಸ್ಸಿ ಓವೆನ್ಸ್.

1933ರಲ್ಲಿ ಓವೆನ್ಸ್ ಹೈಸ್ಕೂಲ್ ರಾಷ್ಟ್ರೀಯ ಕೂಟಕ್ಕೆ ಷಿಕಾಗೊಗೆ ಹೋಗಿ 100 ಗಜವನ್ನು 9.4 ಸೆಕೆಂಡಿನಲ್ಲಿ ಓಡಿದ. ವಿಶ್ವ ದಾಖಲೆಗೆ ಸಮ. ಮೈದಾನದ ಹೆಸರು ಸ್ಟ್ಯಾಗ್ ಫೀಲ್ಡ್! ಸ್ಟ್ಯಾಗ್ ಮಾತ್ರ ಅಷ್ಟರಲ್ಲಿ ಷಿಕಾಗೊ ಕೆಲಸದಿಂದ ನಿವೃತ್ತರಾಗಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್ ಆದ ಮೇಲೆ ಕ್ಲೀವ್‌ಲ್ಯಾಂಡಿನಲ್ಲಿ ಓವೆನ್ಸ್ ಮೆರವಣಿಗೆ. ಬೀದಿ ಬದಿ ನಿಂತು ನೋಡಿದ 13 ವರ್ಷದ ಹುಡುಗ ಹ್ಯಾರಿಸನ್ ಡಿಲಾರ್ಡ್ 1948ರಲ್ಲಿ 100 ಮೀಟರ್ ಚಿನ್ನ, 1952ರಲ್ಲಿ 110 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದ.

ಸ್ಟ್ಯಾಗ್ ಫೀಲ್ಡ್ ಬಗ್ಗೆ ಇನ್ನೊಂದು ಮಾತು. ಅದರ ಗ್ಯಾಲರಿ ಕೆಳಗೇ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಮೊದಲ ಪರಮಾಣು ಸರಣಿ ಕ್ರಿಯೆ ನಡೆಸಿತು. ಓಟಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಬೆಳಗಿನ ಓಟ:

ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಎಲ್ಲರೂ ಅಮೆರಿಕ, ಕೀನ್ಯಾ ಅಂತಿದ್ದೀರಿ. 1924ರ ಪ್ಯಾರಿಸ್‌ಗೆ ಭಾರತದ ತಂಡವೂ ಹೋಗಿತ್ತು. ಅದನ್ನು ಕರೆದುಕೊಂಡು ಹೋದವರು ಹ್ಯಾರಿ ಕ್ರೋ ಬಕ್, ಮದರಾಸಿನ ವೈಎಂಸಿಎಯವರು. 1920ರಲ್ಲಿ ಅಲ್ಲಿ ವ್ಯಾಯಾಮ ಶಿಕ್ಷಣದ ಶಾಲೆ ಶುರು ಮಾಡಿದವರೂ ಅವರೇ. ಈಗಲೂ ಆ ಕಾಲೇಜು ಇದೆ. ಇನ್ನೊಬ್ಬ ವೈಎಂಸಿಎ ನಿರ್ದೇಶಕ ಡಾ. ನೋರೆನ್, ಸರ್ ದೊರಾಬ್ಜಿ ಟಾಟಾ ಅವರ ಜೊತೆ ಸೇರಿ ಭಾರತೀಯ ಒಲಿಂಪಿಕ್ ಸಂಸ್ಥೆ ಕಟ್ಟಲು ಓಡಾಡಿದರು. ಒಬ್ಬರು ಉಕ್ಕಿನ ಉದ್ಯಮಿ, ಒಬ್ಬರು ಮಿಷನ್ನಿನ ಕ್ರೀಡಾ ಮೇಷ್ಟ್ರು. ಇದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಹಳೇ ಸ್ಪೈಕ್ಸ್:

ಸೇರಿಸಿದೆ! ಹುಚ್ಚ ಸರ್, ಲಿಡೆಲ್ ಚೀನಾಕ್ಕೆ ಹೋದ ಮೇಲೆ ತಾವೇ ಕೋಚ್ ಆಗಿದ್ದರು ಅಲ್ವಾ? ಅದನ್ನು ಸ್ವಲ್ಪ ವಿವರವಾಗಿ ಬರೆಯಿರಿ.

ಇತಿಹಾಸದ ಹುಚ್ಚ:

ಹೌದು. ಅವರು ಹುಟ್ಟಿದ್ದೇ ಚೀನಾದ ಟಿಯಾಂಜಿನ್‌ನಲ್ಲಿ, 1902ರಲ್ಲಿ. 1925ರಲ್ಲಿ ವಾಪಸ್ ಹೋಗಿ ಅಲ್ಲಿನ ಮಿಷನ್ ಕಾಲೇಜಿನಲ್ಲಿ ವಿಜ್ಞಾನ ಮತ್ತು ಆಟ ಕಲಿಸಿದರು. ಆ ಊರಿನ ಮಿನ್‌ಯುವಾನ್ ಕ್ರೀಡಾಂಗಣ ಕಟ್ಟುವಾಗ ಸಲಹೆ ಕೊಟ್ಟವರೂ ಅವರೇ.

ಅಲ್ಲಿಗೆ 1929ರಲ್ಲಿ ಜರ್ಮನಿಯ ಒಟ್ಟೊ ಪೆಲ್ಟ್ಸರ್ ಬಂದರು. 1926ರಲ್ಲಿ ಬರ್ಲಿನ್‌ನಲ್ಲಿ ಫಿನ್ಲೆಂಡಿನ ಮಹಾ ಓಟಗಾರ ಪಾವೊ ನೂರ್ಮಿಯನ್ನೇ ಸೋಲಿಸಿ 1500 ಮೀಟರ್ ವಿಶ್ವ ದಾಖಲೆ ಮಾಡಿದ್ದ ಓಟಗಾರ. ಇಬ್ಬರೂ ಟಿಯಾಂಜಿನ್‌ನಲ್ಲಿ ಒಟ್ಟಿಗೆ ಓಡಿದರು. ಆಮೇಲೆ ಇಬ್ಬರ ಹಣೆಬರಹವೂ ಕಷ್ಟದ್ದೇ. ಪೆಲ್ಟ್ಸರ್‌ನನ್ನು ನಾಜಿಗಳು ಮೌಟ್‌ಹೌಸೆನ್ ಯಾತನಾ ಶಿಬಿರಕ್ಕೆ ಹಾಕಿದರು. ಬದುಕಿ ಉಳಿದು, ಮುಂದೆ ದೆಹಲಿಗೆ ಬಂದು ನಮ್ಮ ಹುಡುಗರಿಗೆ ಓಟ ಕಲಿಸಿದರು.

ಲಿಡೆಲ್‌ರನ್ನು 1943ರಲ್ಲಿ ಜಪಾನಿಯರು ವೈಷಿಯನ್ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಅಪ್ಪ ಅಮ್ಮನಿಂದ ಬೇರೆಯಾಗಿದ್ದ ಶಾಲಾ ಮಕ್ಕಳು ತುಂಬ ಇದ್ದರು. ಅವರಿಗೆ ಓಟ, ಹಾಕಿ, ವಿಜ್ಞಾನ ಎಲ್ಲಾ ಇವರದ್ದೇ. ಮಕ್ಕಳಿಗೆ ಎರಿಕ್ ಅಂಕಲ್. ಭಾನುವಾರ ಆಟ ಇಲ್ಲ ಅನ್ನುವುದು ಅಲ್ಲೂ ಅವರ ನಿಯಮ. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ, ರೆಫ್ರಿ ಇಲ್ಲದೆ ಹೊಡೆದಾಟ ಆಯ್ತು. ಮುಂದಿನ ಭಾನುವಾರ ನೋಡಿದರೆ ಲಿಡೆಲ್ ಸೀಟಿ ಹಿಡಿದು ಮೈದಾನದಲ್ಲಿ ನಿಂತಿದ್ದಾರೆ. ಒಲಿಂಪಿಕ್ಸ್‌ಗೂ ಭಾನುವಾರ ಬಗ್ಗದ ಮನುಷ್ಯ! ಲೇನ್ ಎಂಟು ಅವರೇ, ಸಿರಕ್ಯೂಸ್ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಆ ಶಿಬಿರದಲ್ಲಿ ಲ್ಯಾಂಗ್ಡನ್ ಗಿಲ್ಕಿ ಇದ್ದರು, ಮುಂದೆ ದೊಡ್ಡ ದೇವಶಾಸ್ತ್ರಜ್ಞ. ಆರ್ಥರ್ ಹಮೆಲ್ ಇದ್ದರು. ಅವರು 1944ರಲ್ಲಿ ಗೋಡೆ ಹಾರಿ ತಪ್ಪಿಸಿಕೊಂಡು, 1980ರ ದಶಕದಲ್ಲಿ ಅದೇ ಚೀನಾಕ್ಕೆ ಅಮೆರಿಕದ ರಾಯಭಾರಿ ಆದರು. ಆಗ ಇವರೆಲ್ಲಾ ನೀರಿಗೆ, ಊಟಕ್ಕೆ ಸಾಲು ನಿಲ್ಲುತ್ತಿದ್ದವರು. ಹೆಸರಿದ್ದವರು ಲಿಡೆಲ್ ಒಬ್ಬರೇ. ಅವರು ತಮ್ಮ ಓಟದ ಶೂಗಳನ್ನು ಒಬ್ಬ ಹುಡುಗನಿಗೆ ಕೊಟ್ಟರು. ಚಳಿಗಾಲ, ಅವನ ಶೂ ಹರಿದುಹೋಗಿತ್ತು. 1945ರ ಫೆಬ್ರವರಿ 21ರಂದು ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಶಿಬಿರ ಬಿಡುಗಡೆ ಆಗಿದ್ದು ಆಗಸ್ಟಿನಲ್ಲಿ.

ಲೇನ್ ಎಂಟು:

ಹಾಕಿ ಸೀಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಚೆನ್ನಾಗಿದೆ. ದೇವರ ಚಿತ್ತ ಅನ್ನುವುದನ್ನು ಮಾತ್ರ ಈಗಲೂ ಒಪ್ಪಲ್ಲ, ಸರ್.

ಹಳೇ ಸ್ಪೈಕ್ಸ್:

ಒಪ್ಪಬೇಡಿ. ಓದುತ್ತಾ ಇರಿ ಸಾಕು.

ಮೂರನೇ ಲ್ಯಾಪ್:

ಎಲ್ಲರ ಕ್ಷಮೆ ಕೇಳಿ ಒಂದು ಸ್ವಾರ್ಥದ ಪ್ರಶ್ನೆ. ಬ್ರದರ್ ಕೋಲಮ್ ಮಕ್ಕಳಿಗೆ ಏನು ಮಾಡಿಸುತ್ತಾರೆ? ನಾವೂ ಮಾಡಬಹುದಾ, ಅಥವಾ ಅದಕ್ಕೂ 2400 ಮೀಟರ್ ಎತ್ತರ ಬೇಕಾ?

ಸ್ಟಾಪ್‌ವಾಚ್ ಅಕ್ಕ:

ಎತ್ತರ ಬೇಡ. ಅವರು ಎಳೆಯರಿಗೆ ಸುಸ್ತು ಮಾಡಿಸುವುದಕ್ಕಿಂತ ಓಡುವ ರೀತಿ ತಿದ್ದುವುದೇ ಜಾಸ್ತಿ. ನಾಲ್ಕು ವಿಷಯ ಹೇಳುತ್ತಾರೆ: ಗಮನ, ನೇರ ನಿಲುವು, ಸ್ಥಿರತೆ, ಟೈಮಿಂಗ್. ಹುಡುಗರು ಗುಂಪಾಗಿ ತೀರಾ ನಿಧಾನಕ್ಕೆ ಓಡುತ್ತಿರುತ್ತಾರೆ, ಅವರು ಬದಿಯಲ್ಲಿ ನಿಂತು ನೋಡುತ್ತಿರುತ್ತಾರೆ. ಹೊಸಬರಿಗೆ ಇದೇನು ತಮಾಷೆ ಅನ್ನಿಸುತ್ತದೆ.

ನೀನು ಹೀಗೆ ಮಾಡು. ವಾರ್ಮ್‌ಅಪ್ ಆದ ಮೇಲೆ ಸುಮಾರು 60 ಮೀಟರ್ ದೂರ, ನಡಿಗೆಗಿಂತ ಸ್ವಲ್ಪ ಜೋರಾಗಿ ಅಷ್ಟೇ ಓಡು. ಭುಜ ಸಡಿಲ ಬಿಡು, ಕೈ ಎದೆಯ ಅಡ್ಡಕ್ಕೆ ಬರದೆ ನೇರ ಹಿಂದೆ ಮುಂದೆ ಹೋಗಲಿ. ಪಾದ ನೆಲಕ್ಕೆ ತಾಗುವ ಸದ್ದು ಎರಡೂ ಕಡೆ ಒಂದೇ ಥರ ಇದೆಯಾ ಕೇಳು. ಗೆಳೆಯನ ಕೈಯಲ್ಲಿ ಮುಂದಿನಿಂದ ವಿಡಿಯೊ ಮಾಡಿಸು. ಕೊನೆಯ 200 ಮೀಟರ್‌ನಲ್ಲಿ ನಿನ್ನ ತಲೆ ಹಿಂದಕ್ಕೆ ಹೋಗುತ್ತದಾ?

ಮೂರನೇ ಲ್ಯಾಪ್:

ಹೋಗುತ್ತೆ ಅಕ್ಕ. ಎಲ್ಲರೂ ಅದನ್ನೇ ಬೈತಾರೆ.

ಸ್ಟಾಪ್‌ವಾಚ್ ಅಕ್ಕ:

ಹಾಗಿದ್ದರೆ ವಿಡಿಯೊ ಇಲ್ಲಿಗೆ ಹಾಕು. ಹಳೇ ಸ್ಪೈಕ್ಸ್ ಸರ್ ಕೂಡ ನೋಡಲಿ.

ಹಳೇ ಸ್ಪೈಕ್ಸ್:

ಹಾಕಪ್ಪ, ನೋಡೋಣ. ಪಕ್ಕದಿಂದಲೂ ಒಂದು ತೆಗೆಸು. ಭಾನುವಾರ ಹಾಕಿದರೆ ಸೋಮವಾರ ಉತ್ತರ ಬರೆಯುತ್ತೇನೆ.